ದೀಪದ ಎಣ್ಣೆಯಲ್ಲಿ ಬೋಂಡ ಕರಿದರೆ...

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ರಿಲೀಸು, ರಿಲೀಸು ಮುಗಿದ ಮೇಲೆ ಅದರ ಬಗ್ಗುಗಳು, ಬಗ್ಗು ಮುಗಿಯುವಷ್ಟರಲ್ಲಿ ಮತ್ತೊಂದು ರಿಲೀಸು... ನಿಮಗೆಲ್ಲ ಗೊತ್ತಿರುವ ಕಥೆಯೇ. ಇವತ್ತು ಬರೆಯಲು ಕೂತದ್ದು ಒಂದು ಸಿಟ್ಟಿನಿಂದ. ಆದರೆ ಬರೆಯಲು ಕೂರುವಷ್ಟರಲ್ಲಿ ಆ ಸಿಟ್ಟು ಅರ್ಧ ಇಳಿದುಹೋಗಿತ್ತು. ಯಾಕೆ ಇಳಿಯಿತು ಅಂತ ಹೇಳುವುದಕ್ಕೇ ಈ ಬರಹ.

ವಿಷಯ ಇಷ್ಟು. ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದ ತಿಂಗಳಿನಿಂದ ನಮ್ಮ ಜಿಲ್ಲೆಯ ಒಂದು ಸಣ್ಣ ಟ್ರಸ್ಟಿಗೆ ತಿಂಗಳಿಗೆ ಸಾವಿರ ರೂಪಾಯಿ ಕಳಿಸುತ್ತಾ ಬಂದಿದ್ದೇನೆ. ಅವರ ಕೆಲಸ ಒಂದೇ. ಹಳೇ ವ್ಯಾನೊಂದರಲ್ಲಿ ಕನ್ನಡ ಪುಸ್ತಕ ತುಂಬಿಕೊಂಡು ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಹೋಗುವುದು, ಮಕ್ಕಳಿಗೆ ಓದಲು ಕೊಡುವುದು, ಹದಿನೈದು ದಿನ ಬಿಟ್ಟು ಹೋಗಿ ಬದಲಾಯಿಸಿಕೊಂಡು ಬರುವುದು. ನಾನು ಓದಿದ್ದೂ ಅಂಥದ್ದೇ ಶಾಲೆಯಲ್ಲಿ. ಅಲ್ಲಿ ಲೈಬ್ರರಿ ಅಂದರೆ ಹೆಡ್ ಮೇಷ್ಟ್ರ ಕೋಣೆಯಲ್ಲಿದ್ದ, ಸದಾ ಬೀಗ ಹಾಕಿದ ಒಂದು ಬೀರು. ಅದರ ಗಾಜಿನಾಚೆಗಿನ ಪುಸ್ತಕಗಳ ಬೆನ್ನು ಓದಿಕೊಂಡೇ ಏಳನೇ ಕ್ಲಾಸು ಮುಗಿಸಿದವನು ನಾನು. ಹಾಗಾಗಿ ಆ ವ್ಯಾನಿನ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ.

ಕಳೆದ ತಿಂಗಳು ಅವರ ವಾರ್ಷಿಕ ವರದಿ ಬಂತು. ಮುಖಪುಟದಲ್ಲಿ ಯಾವುದೋ ಕಲ್ಯಾಣಮಂಟಪ, ಪ್ರೊಜೆಕ್ಟರು, ಟೋಪಿ ಹಾಕಿಕೊಂಡ ಮಕ್ಕಳು. ಒಳಗೆ ಪುಟಗಟ್ಟಲೆ "ವ್ಯಕ್ತಿತ್ವ ವಿಕಸನ ಶಿಬಿರ", "ನಾಯಕತ್ವ ತರಬೇತಿ". ಪುಸ್ತಕದ ಸುದ್ದಿ ಕೊನೆಯಲ್ಲಿ ಅರ್ಧ ಪುಟ. ವ್ಯಾನು ರಿಪೇರಿಯಲ್ಲಿದೆಯಂತೆ, ಯಾವಾಗಿನಿಂದ ಅಂತ ಬರೆದಿರಲಿಲ್ಲ.

ನನ್ನ ಅಜ್ಜಿ ಒಂದು ಮಾತು ಹೇಳುತ್ತಿದ್ದಳು, "ದೀಪಕ್ಕೆ ಅಂತ ಕೊಟ್ಟ ಎಣ್ಣೇಲಿ ಬೋಂಡ ಕರೀಬಾರ್ದು ಕಣೋ, ಎಷ್ಟೇ ಹಸಿವಾಗಿರ್ಲಿ" ಅಂತ. ಅದೇ ನೆನಪಾಗಿ ರಾತ್ರಿ ಕೂತು ಒಂದು ಉದ್ದನೆಯ ಖಾರವಾದ ಮೈಲ್ ಬರೆದೆ. ಪುಣ್ಯಕ್ಕೆ ಕಳಿಸಲಿಲ್ಲ. ಇಂಥ ಜಗಳ ಬೇರೆಯವರು ಆಡಿದ್ದಾರಾ, ಆಡಿ ಏನಾಯ್ತು ಅಂತ ಹುಡುಕುತ್ತಾ ಕೂತೆ. ಬೆಳಗಿನ ಜಾವ ಮೂರು ಗಂಟೆ ಆಯ್ತು! ಹಾಗೆ ಓದಿದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಈ ಚಿಂತೆ ಹೊಸದೇನಲ್ಲ. ನಮ್ಮ ಊರೂರಿನ ಶಾಸನದ ಕಲ್ಲುಗಳನ್ನು ನೋಡಿ. ಇಂಥ ದೇವಸ್ಥಾನದ ನಂದಾದೀಪಕ್ಕೆ ಇಷ್ಟು, ಇಂಥ ಮಠದ ಅನ್ನದಾನಕ್ಕೆ ಇಷ್ಟು ಗದ್ದೆ ಅಂತ ಲೆಕ್ಕ ಹೇಳಿದ ಮೇಲೆ ಕೊನೆಯಲ್ಲಿ ಶಾಪ ಇದ್ದೇ ಇರುತ್ತದೆ. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆ, ಹೀಗೆ. ಸುಮಾರು ಕ್ರಿ.ಶ. ೪೫೦ರದ್ದು ಅಂತ ಹೇಳುವ ಹಲ್ಮಿಡಿ ಶಾಸನದಲ್ಲೇ, ಕೊಟ್ಟದ್ದನ್ನು ಅಳಿದವನಿಗೆ ಮಹಾಪಾತಕ ಎಂಬರ್ಥದ ಮಾತಿದೆ. ಕಲ್ಲಿನ ನೆತ್ತಿಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತುವುದೂ ಇದಕ್ಕೇ. ಅವರಿಬ್ಬರೂ ಇರುವವರೆಗೆ ಈ ದಾನ ನಡೆಯಬೇಕು ಅಂತ. ಕೊಟ್ಟವನು ಸಾಯುತ್ತಾನೆ, ಅವನ ಮಕ್ಕಳೂ ಸಾಯುತ್ತಾರೆ. ಆಮೇಲೆ ಕಾಯುವವರು ಯಾರು? ಪೊಲೀಸಿಲ್ಲ, ಆಡಿಟರಿಲ್ಲ. ಇದ್ದದ್ದು ಶಾಪ ಒಂದೇ.

ಇಂಗ್ಲೆಂಡಿನವರು ಶಾಪದ ಜಾಗದಲ್ಲಿ ಕಾನೂನು ತಂದರು. ೧೬೦೧ರಲ್ಲಿ, ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಧರ್ಮಕಾರ್ಯಗಳ ಬಗ್ಗೆ ಒಂದು ಕಾಯ್ದೆ ಬಂತು. ದತ್ತಿಗೆ ಸಂಬಂಧಪಟ್ಟ ಇವತ್ತಿನ ಎಷ್ಟೋ ಕಾನೂನುಗಳಿಗೆ ಅದು ಮುತ್ತಜ್ಜಿ. ಧರ್ಮಕ್ಕೆಂದು ಕೊಟ್ಟ ಜಮೀನು, ಹಣ, ಸರಕುಗಳ ದುರ್ಬಳಕೆಯನ್ನು ಸರಿಪಡಿಸುವುದು ಎಂಬ ಅರ್ಥ ಅದರ ಹೆಸರಿನಲ್ಲೇ ಇದೆ. ಅಂದರೆ ನಾಲ್ಕು ನೂರು ವರ್ಷಗಳ ಹಿಂದೆಯೇ ಬೋಂಡ ಕರಿಯುವವರು ಸಾಕಷ್ಟಿದ್ದರು ಅಂತಾಯ್ತು :-)

ಈಗ ಮುಖ್ಯ ಕಥೆಗೆ ಬರ್ತೀನಿ. ಇದು ನಡೆದದ್ದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ.

ಚಾರ್ಲ್ಸ್ ರಾಬರ್ಟ್‌ಸನ್ ಅಲ್ಲಿ ೧೯೨೬ರಲ್ಲಿ ಪದವಿ ಪಡೆದವರು. ಅವರ ಹೆಂಡತಿ ಮೇರಿ, ಎ ಅಂಡ್ ಪಿ ಎಂಬ ಭಾರೀ ಕಿರಾಣಿ ಅಂಗಡಿಗಳ ಸರಣಿಯನ್ನು ಕಟ್ಟಿದ ಹಾರ್ಟ್‌ಫರ್ಡ್ ಕುಟುಂಬದವರು. ೧೯೬೧ರಲ್ಲಿ ಈ ದಂಪತಿ ಆ ಕಂಪನಿಯ ೩.೫ ಕೋಟಿ ಡಾಲರ್ ಬೆಲೆಯ ಷೇರುಗಳನ್ನು ದಾನ ಮಾಡಿದರು. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ. ಆದರೂ ತಮ್ಮ ಹೆಸರು ಹೇಳಬಾರದು ಅಂತ ಕರಾರು ಮಾಡಿಕೊಂಡರು. ಕೊಟ್ಟವರು ಯಾರು ಅಂತ ಹೊರಗೆ ಗೊತ್ತಾಗಿದ್ದು ೧೯೭೩ರಲ್ಲಿ, ಮೇರಿ ತೀರಿಕೊಂಡ ಮರುವರ್ಷ. ಹೆಸರಿನ ಆಸೆಗೆ ಕೊಟ್ಟದ್ದಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಉದ್ದೇಶ ಮಾತ್ರ ಖಚಿತವಾಗಿತ್ತು. ಅದು ಶೀತಲ ಸಮರದ ಕಾಲ. ಕೆನಡಿ ಆಗಷ್ಟೇ ಅಧ್ಯಕ್ಷರಾಗಿದ್ದರು. ಅಮೆರಿಕದ ಸರ್ಕಾರಕ್ಕೆ, ಅದರಲ್ಲೂ ವಿದೇಶಾಂಗ ವ್ಯವಹಾರಕ್ಕೆ, ಒಳ್ಳೆಯ ತಲೆಗಳು ಬೇಕು, ಅವರನ್ನು ತಯಾರು ಮಾಡುವ ಸ್ನಾತಕೋತ್ತರ ಶಾಲೆ ಬೆಳೆಯಬೇಕು ಅನ್ನುವುದು ರಾಬರ್ಟ್‌ಸನ್ ದಂಪತಿಯ ಆಸೆ. ಪ್ರಿನ್ಸ್‌ಟನ್‌ನಲ್ಲಿ ವುಡ್ರೋ ವಿಲ್ಸನ್ ಹೆಸರಿನ ಶಾಲೆ ಆಗಲೇ ಇತ್ತು. ಅದರ ಸ್ನಾತಕೋತ್ತರ ಕಾರ್ಯಕ್ರಮಕ್ಕೇ ಈ ಹಣ. ಅದಕ್ಕಾಗಿ ರಾಬರ್ಟ್‌ಸನ್ ಫೌಂಡೇಶನ್ ಅಂತ ಬೇರೆಯೇ ಸಂಸ್ಥೆ ಮಾಡಿದರು. ಅದರ ಮಂಡಳಿಯಲ್ಲಿ ಏಳು ಜನ. ಮೂವರು ಕುಟುಂಬದ ಕಡೆಯವರು, ನಾಲ್ವರು ವಿಶ್ವವಿದ್ಯಾಲಯದ ಕಡೆಯವರು.

ಆ ನಾಲ್ಕು-ಮೂರನ್ನು ನೆನಪಿಟ್ಟುಕೊಳ್ಳಿ. ಓಟು ಹಾಕುವ ದಿನ ಬಂದರೆ ಕೊಟ್ಟವರ ಕಡೆ ಸೋಲು ಅಲ್ಲೇ ಬರೆದಾಗಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗೆ. ಕೊಡುವ ದಿನ ಎಲ್ಲರೂ ಪ್ರೀತಿಯಲ್ಲಿರುತ್ತಾರೆ, ಯಾರೂ ಇದನ್ನು ಲೆಕ್ಕ ಹಾಕುವುದಿಲ್ಲ.

ವರ್ಷಗಳು ಕಳೆದವು. ಶಾಲೆ ದೊಡ್ಡದಾಯ್ತು, ಹೆಸರೂ ಮಾಡಿತು. ಆದರೆ ಅಲ್ಲಿಂದ ಹೊರಬಿದ್ದವರಲ್ಲಿ ಸರ್ಕಾರಿ ನೌಕರಿಗೆ, ಅದರಲ್ಲೂ ವಿದೇಶಾಂಗ ಸೇವೆಗೆ ಹೋಗುವವರು ಸಾಕಷ್ಟಿಲ್ಲ ಅನ್ನುವ ಅಸಮಾಧಾನ ಚಾರ್ಲ್ಸ್ ಅವರಿಗೆ ಬದುಕಿದ್ದಾಗಲೇ ಇತ್ತು. ೧೯೮೧ರಲ್ಲಿ ಅವರೂ ತೀರಿಕೊಂಡರು. ಅಸಮಾಧಾನ ಮಕ್ಕಳಿಗೆ ಆಸ್ತಿಯಾಗಿ ಬಂತು.

ಕಿಡಿ ಹತ್ತಿದ್ದು ಮಾತ್ರ ಬೇರೆ ವಿಷಯಕ್ಕೆ. ಫೌಂಡೇಶನ್ನಿನ ಹೂಡಿಕೆಗಳನ್ನು ವಿಶ್ವವಿದ್ಯಾಲಯದ ಸ್ವಂತ ಹೂಡಿಕೆ ಕಂಪನಿಯ ಕೈಗೆ ಕೊಡುವ ಮಾತು ಬಂತು. ೨೦೦೨ರ ಜುಲೈನಲ್ಲಿ ಮಗ ವಿಲಿಯಂ ರಾಬರ್ಟ್‌ಸನ್ ಮತ್ತು ಕುಟುಂಬದವರು ನ್ಯೂಜೆರ್ಸಿಯ ಕೋರ್ಟಿಗೆ ಹೋದರು. ಹತ್ತು ಕೋಟಿ ಡಾಲರಿಗೂ ಹೆಚ್ಚು ಹಣ ಉದ್ದೇಶ ಬಿಟ್ಟು ಖರ್ಚಾಗಿದೆ, ಬೇರೆ ವಿಭಾಗಗಳ ವಿದ್ಯಾರ್ಥಿಗಳಿಗೆ, ಬೇರೆ ಕಟ್ಟಡಕ್ಕೆ ಹೋಗಿದೆ ಅನ್ನುವುದು ಅವರ ದೂರು. ದುಡ್ಡು ಕದ್ದರು ಅಂತಲ್ಲ, ಗಮನಿಸಿ. ಒಳ್ಳೆಯ ಕೆಲಸಕ್ಕೇ ಹೋಗಿದೆ, ಆದರೆ ನಾವು ಕೊಟ್ಟ ಕೆಲಸಕ್ಕಲ್ಲ ಅಂತ. ನನ್ನ ಟ್ರಸ್ಟಿನ ಕಥೆಯೇ, ಸೊನ್ನೆಗಳು ಮಾತ್ರ ಜಾಸ್ತಿ.

ವಿಶ್ವವಿದ್ಯಾಲಯದ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ನಾವು ಕಲಿಸಬಹುದು, ಕಲಿತವನನ್ನು ಕೈಹಿಡಿದು ಸರ್ಕಾರಿ ಆಫೀಸಿಗೆ ಕೂಡಿಸಲು ಆಗುತ್ತದೆಯೇ? ಸಾರ್ವಜನಿಕ ಸೇವೆ ಅಂದರೆ ಕೇಂದ್ರ ಸರ್ಕಾರ ಒಂದೇ ಅಲ್ಲ, ಅಂತರರಾಷ್ಟ್ರೀಯ ಸಂಸ್ಥೆಗಳು, ಸೇವಾ ಸಂಸ್ಥೆಗಳಿಗೆ ಹೋದವರೂ ಸೇವೆಯನ್ನೇ ಮಾಡುತ್ತಿಲ್ಲವೇ? ಜಗತ್ತು ೧೯೬೧ರಲ್ಲಿ ಇದ್ದ ಹಾಗೇ ಇದೆಯೇ? ನನಗಂತೂ ಇದನ್ನು ಓದುವಾಗ ಹೌದಲ್ಲ ಅನ್ನಿಸಿತು. ಆದರೆ ಕೇಸು ನಡೆಯುತ್ತಿರುವಾಗಲೇ, ಬೇರೆ ವಿಭಾಗದ ವಿದ್ಯಾರ್ಥಿಗಳಿಗೆ ಹೋಗಿದ್ದ ಏಳು ಲಕ್ಷಕ್ಕೂ ಹೆಚ್ಚು ಡಾಲರನ್ನು ವಿಶ್ವವಿದ್ಯಾಲಯ ಫೌಂಡೇಶನ್ನಿಗೆ ವಾಪಸು ಕಟ್ಟಿತು. ಅಂದಮೇಲೆ ಲೆಕ್ಕ ಅಷ್ಟೇನೂ ಶುದ್ಧ ಇರಲಿಲ್ಲ.

ಆರು ವರ್ಷ ಎಳೆದಾಡಿದರು. ವಿಚಾರಣೆ ಶುರುವಾಗುವ ಹೊಸ್ತಿಲಲ್ಲಿ, ೨೦೦೮ರ ಡಿಸೆಂಬರಿನಲ್ಲಿ, ರಾಜಿಯಾಯಿತು. ಕುಟುಂಬದ ಕಡೆಯ ವಕೀಲರ ಖರ್ಚಿಗೆ ೪ ಕೋಟಿ ಡಾಲರ್. ಸರ್ಕಾರಿ ಸೇವೆಗೆ ವಿದ್ಯಾರ್ಥಿಗಳನ್ನು ತಯಾರು ಮಾಡುವ ಹೊಸದೊಂದು ಫೌಂಡೇಶನ್ನಿಗೆ, ೨೦೧೨ರಿಂದ ಕಂತಿನಲ್ಲಿ, ೫ ಕೋಟಿ ಡಾಲರ್. ಉಳಿದದ್ದೆಲ್ಲ ವಿಶ್ವವಿದ್ಯಾಲಯದ ಕೈಯಲ್ಲೇ. ಆ ಉಳಿದದ್ದು ಎಷ್ಟು? ೨೦೦೭ರ ಹೊತ್ತಿಗೆ ಮೂಲ ೩.೫ ಕೋಟಿ ಬೆಳೆದು ಸುಮಾರು ೯೦ ಕೋಟಿ ಡಾಲರ್ ಆಗಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಇಷ್ಟು ವರ್ಷ ಕೇಸು ನಡೆಸಲು ಕುಟುಂಬಕ್ಕೆ ದುಡ್ಡು ಎಲ್ಲಿಂದ ಬಂತು? ಬಹುಪಾಲು, ಬ್ಯಾನ್‌ಬರಿ ಫಂಡ್ ಎಂಬ ಅವರದೇ ಕುಟುಂಬದ ದತ್ತಿ ಸಂಸ್ಥೆಯಿಂದ. ಧರ್ಮಕ್ಕೆಂದು ಇಟ್ಟ ಹಣ, ಧರ್ಮದ ಹಣ ದಾರಿ ತಪ್ಪಿದೆ ಅಂತ ವಾದಿಸುವ ವಕೀಲರಿಗೆ! ರಾಜಿಯ ೪ ಕೋಟಿ ಆ ಸಂಸ್ಥೆಗೇ ವಾಪಸು ಬಂತು, ಅದು ಸರಿ. ಆದರೂ ಎರಡೂ ಕಡೆಯಿಂದ ವಕೀಲರಿಗೆ ಹೋದ ಹಣದಲ್ಲಿ ಎಷ್ಟು ವಿದ್ಯಾರ್ಥಿಗಳು ಓದಬಹುದಿತ್ತು? ಇದನ್ನು ಓದಿದಾಗ ರಾತ್ರಿ ಒಂದೂವರೆ. ನನ್ನ ಖಾರದ ಮೈಲ್ ಇನ್ನೂ ಡ್ರಾಫ್ಟಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. (ಇನ್ನೊಂದು ವಿಷಯ. ೨೦೨೦ರಲ್ಲಿ ಆ ಶಾಲೆಯ ಹೆಸರಿನಿಂದ ವುಡ್ರೋ ವಿಲ್ಸನ್‌ನನ್ನೇ ತೆಗೆದುಹಾಕಿದರು, ಅವನ ಜನಾಂಗೀಯ ನಿಲುವುಗಳ ಕಾರಣಕ್ಕೆ. ಸೂರ್ಯ ಚಂದ್ರರಿರುವವರೆಗೆ ಅನ್ನುವುದು ಎಷ್ಟು ಕಷ್ಟ ನೋಡಿ.)

ಹಾಗಾದರೆ ಕೊಟ್ಟವರ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರೆ ಎಲ್ಲ ಸರಿಹೋಗುತ್ತದಾ? ಅದಕ್ಕೂ ಒಂದು ಕಥೆ ಸಿಕ್ಕಿತು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿದ್ದ ಬೆರಿಲ್ ಬಕ್ ಎಂಬ ಹೆಂಗಸು ೧೯೭೫ರಲ್ಲಿ ತೀರಿಕೊಂಡರು. ತಮ್ಮ ಆಸ್ತಿ ಮರಿನ್ ಕೌಂಟಿಯ ಬಡವರಿಗೆ ಮತ್ತು ಅಲ್ಲಿನದೇ ಧರ್ಮಕಾರ್ಯಗಳಿಗೆ ಹೋಗಬೇಕು ಅಂತ ಉಯಿಲು ಬರೆದು, ಸ್ಯಾನ್ ಫ್ರಾನ್ಸಿಸ್ಕೋ ಫೌಂಡೇಶನ್ನಿಗೆ ಒಪ್ಪಿಸಿದ್ದರು. ಆಸ್ತಿಯಲ್ಲಿ ಮುಖ್ಯವಾದದ್ದು ಬೆಲ್ರಿಜ್ ಎಂಬ ತೈಲ ಕಂಪನಿಯ ಷೇರು, ಆಗಿನ ಅಂದಾಜಿನಲ್ಲಿ ಒಂದು ಕೋಟಿ ಡಾಲರಿನ ಆಸುಪಾಸು. ೧೯೭೯ರಲ್ಲಿ ಶೆಲ್ ಕಂಪನಿ ಬೆಲ್ರಿಜ್ ಅನ್ನು ೩೬೫ ಕೋಟಿ ಡಾಲರಿಗೆ ಕೊಂಡಿತು. ರಾತ್ರೋರಾತ್ರಿ ಬಕ್ ಅವರ ಪಾಲು ೨೫ ಕೋಟಿ ಡಾಲರ್ ದಾಟಿತು!

ತೊಂದರೆ ಏನೆಂದರೆ, ಮರಿನ್ ಅಮೆರಿಕದ ಅತಿ ಶ್ರೀಮಂತ ಕೌಂಟಿಗಳಲ್ಲಿ ಒಂದು. ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡಿನಂಥ ಊರುಗಳಲ್ಲಿ ನಿಜವಾದ ಬಡತನ. ೧೯೮೪ರಲ್ಲಿ ಫೌಂಡೇಶನ್, ಇಷ್ಟು ಹಣ ಬರುತ್ತದೆ ಅಂತ ಆಕೆಗೆ ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ, ಅಕ್ಕಪಕ್ಕದ ಕೌಂಟಿಗಳಲ್ಲೂ ಖರ್ಚು ಮಾಡಲು ಬಿಡಿ ಅಂತ ಕೋರ್ಟಿಗೆ ಹೋಯಿತು. ಅವರು ಆಧಾರ ಮಾಡಿಕೊಂಡ ತತ್ವಕ್ಕೆ "ಸೈ ಪ್ರೇ" ಅನ್ನುತ್ತಾರೆ. ಹಳೆಯ ಫ್ರೆಂಚ್ ಮಾತು, "ಆದಷ್ಟು ಹತ್ತಿರ" ಅಂತ ಅರ್ಥ. ಮೂಲ ಉದ್ದೇಶ ನಡೆಸಲು ಸಾಧ್ಯವೇ ಇಲ್ಲದಾದಾಗ ಅದಕ್ಕೆ ಆದಷ್ಟು ಹತ್ತಿರದ ಉದ್ದೇಶಕ್ಕೆ ಹಣ ತಿರುಗಿಸುವ ಅಧಿಕಾರ ಕೋರ್ಟಿಗಿದೆ. ೧೯೮೬ರಲ್ಲಿ ಸುಮಾರು ಆರು ತಿಂಗಳು ವಿಚಾರಣೆ ನಡೆಯಿತು. ಜಡ್ಜ್ ಒಪ್ಪಲಿಲ್ಲ. ಬೇರೆ ಕಡೆ ಕೊಟ್ಟರೆ ಹೆಚ್ಚು ಒಳ್ಳೆಯದಾಗುತ್ತದೆ ಅನ್ನುವುದು ಈ ತತ್ವಕ್ಕೆ ಸಾಲದು, ಮೂಲ ಉದ್ದೇಶ ಇನ್ನೂ ಸಾಧ್ಯವಿದೆಯಲ್ಲ ಅಂದರು. ಸ್ಯಾನ್ ಫ್ರಾನ್ಸಿಸ್ಕೋ ಫೌಂಡೇಶನ್ ಕೆಳಗಿಳಿಯಿತು, ಮರಿನ್‌ಗೇ ಬೇರೆ ಫೌಂಡೇಶನ್ ಹುಟ್ಟಿತು. ಕೊಟ್ಟವರ ಮಾತು ಉಳಿಯಿತು, ಆಚೆ ದಡದ ಬಡವರಿಗೆ ಏನೂ ಸಿಗಲಿಲ್ಲ. ಇಲ್ಲಿ ನಾನು ಯಾರ ಕಡೆ ಅಂತ ಇವತ್ತಿಗೂ ಹೇಳಲಾರೆ.

ನಮ್ಮ ಪಕ್ಕದ ಮದ್ರಾಸಿನ ಕಥೆ ಇದಕ್ಕೆ ತದ್ವಿರುದ್ಧ. ಪಚ್ಚಯಪ್ಪ ಮೊದಲಿಯಾರ್ ಬ್ರಿಟಿಷರ ಜೊತೆ ದುಭಾಷಿಯಾಗಿ ವ್ಯಾಪಾರ ಮಾಡಿ ಶ್ರೀಮಂತರಾದವರು, ೧೭೯೪ರಲ್ಲಿ ತೀರಿಕೊಂಡರು. ಆಸ್ತಿಯನ್ನೆಲ್ಲ ದೇವಸ್ಥಾನಗಳ ಸೇವೆ, ಅನ್ನದಾನದಂಥ ಧರ್ಮಕಾರ್ಯಗಳಿಗೆ ಉಯಿಲು ಬರೆದಿಟ್ಟಿದ್ದರು. ಆಮೇಲೆ ಆಸ್ತಿ ನೋಡಿಕೊಳ್ಳಬೇಕಾದವರ ತಕರಾರು, ದಶಕಗಟ್ಟಲೆ ಕೋರ್ಟು. ಕೊನೆಗೆ ಮದ್ರಾಸಿನ ಸುಪ್ರೀಂ ಕೋರ್ಟ್ ಪಚ್ಚಯಪ್ಪನವರು ಹೇಳಿದ್ದ ಧರ್ಮಕಾರ್ಯಗಳಿಗೆ ಮೊದಲು ಹಣ ತೆಗೆದಿಟ್ಟಿತು. ಅಷ್ಟಾದ ಮೇಲೂ, ಇಷ್ಟು ವರ್ಷದ ಬಡ್ಡಿ ಬೆಳೆದು ಲಕ್ಷಗಟ್ಟಲೆ ರೂಪಾಯಿ ಮಿಕ್ಕಿತ್ತು. ಆ ಮಿಕ್ಕ ಹಣದಲ್ಲಿ ೧೮೪೨ರಲ್ಲಿ ಒಂದು ಶಾಲೆ ಶುರುವಾಯಿತು. ಅದೇ ಮುಂದೆ ಪಚ್ಚಯಪ್ಪ ಕಾಲೇಜು. ೧೯೦೬ರಲ್ಲಿ ಶ್ರೀನಿವಾಸ ರಾಮಾನುಜನ್ ಸೇರಿದ್ದು ಇಲ್ಲಿಗೇ (ಗಣಿತ ಬಿಟ್ಟು ಉಳಿದದ್ದರಲ್ಲಿ ಡುಮ್ಕಿ ಹೊಡೆದದ್ದೂ ಇಲ್ಲೇ). ಅಣ್ಣಾದೊರೈ ಓದಿದ್ದೂ ಇಲ್ಲೇ. ಪಚ್ಚಯಪ್ಪನವರ ಕಾಸಿನಲ್ಲಿ ದೀಪ, ಅನ್ನದಾನ ಬಿಟ್ಟು ಬೇರೇನೂ ಆಗಕೂಡದು ಅಂತ ಯಾರಾದರೂ ಹಟ ಹಿಡಿದಿದ್ದರೆ ಆ ಶಾಲೆಯೇ ಇರುತ್ತಿರಲಿಲ್ಲ.

ಅಂದರೆ ಉದ್ದೇಶ ಬದಲಾಗುವುದೇ ತಪ್ಪು ಅಂತ ಹೇಳಲಾಗದು. ಮದ್ರಾಸಿನಲ್ಲಿ ದೀಪಕ್ಕೆ ಬೇಕಾದ ಎಣ್ಣೆಯನ್ನು ಮೊದಲು ಅಳೆದಿಟ್ಟರು, ಮಿಕ್ಕದ್ದನ್ನು ಎಲ್ಲರ ಕಣ್ಣೆದುರು ಬೇರೆ ಕೆಲಸಕ್ಕೆ ಕೊಟ್ಟರು. ಪ್ರಿನ್ಸ್‌ಟನ್ ಜಗಳದಲ್ಲಿ ಕುಟುಂಬದ ಸಂಕಟ ಏನೆಂದರೆ, ತಿರುವು ಯಾವಾಗ ಆಯ್ತು ಅಂತಲೇ ತಮಗೆ ಗೊತ್ತಾಗಲಿಲ್ಲ ಅನ್ನುವುದು. ಬದಲಾವಣೆಗಿಂತ ಹೇಳದೆ ಮಾಡಿದ ಬದಲಾವಣೆ ಹೆಚ್ಚು ನೋಯಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸ್ಪೆಕ್ ಬದಲಾಯಿಸಿ ಪರವಾಗಿಲ್ಲ, ಬದಲಾಯಿಸಿದ್ದೀರಿ ಅಂತ ಹೇಳಿ ಮಾರಾಯ್ರೇ!

ನಮ್ಮಲ್ಲೂ ಕಾನೂನಿದೆ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೯೨ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಟ್ರಸ್ಟಿನಲ್ಲಿ ಆಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ, ಕೋರ್ಟಿನ ಅನುಮತಿ ಪಡೆದು, ಟ್ರಸ್ಟ್ ನಡೆಸುವವರ ಮೇಲೆ ದಾವೆ ಹೂಡಬಹುದು. ಆದರೆ ತಿಂಗಳಿಗೆ ಸಾವಿರ ಕೊಡುವವನು ಕೋರ್ಟಿಗೆ ಹೋಗುವುದು ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ. ಖಾರದ ಮೈಲ್ ಅಳಿಸಿದೆ. ಬದಲಿಗೆ ಟ್ರಸ್ಟ್ ನಡೆಸುವ ರಿಟೈರ್ಡ್ ಮೇಷ್ಟ್ರಿಗೆ ಭಾನುವಾರ ಬೆಳಿಗ್ಗೆ ಫೋನು ಮಾಡಿದೆ.

"ಸರ್, ವ್ಯಾನು ಯಾವಾಗಿನಿಂದ ನಿಂತಿದೆ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಂಟು ತಿಂಗಳಾಯ್ತಪ್ಪ" ಅಂದರು. ಆಮೇಲೆ ಅವರೇ ಬಿಡಿಸಿ ಹೇಳಿದರು. "ನೋಡಪ್ಪ, ಪುಸ್ತಕ ಹಂಚ್ತೀವಿ ಅಂದ್ರೆ ಯಾವ ಕಂಪನಿಯೋರೂ ದುಡ್ಡು ಕೊಡಲ್ಲ. ಶಿಬಿರ ಮಾಡಿ ಅಂತಾರೆ. ಒಂದೇ ದಿನಕ್ಕೆ ಮುನ್ನೂರು ಮಕ್ಕಳು, ಬ್ಯಾನರ್ರು, ಫೋಟೋ. ಆ ದುಡ್ಡಲ್ಲೇ ಒಂದಿಷ್ಟು ಡ್ರೈವರ್ ಸಂಬಳಕ್ಕೆ ಆಗುತ್ತೆ. ಇಲ್ದಿದ್ರೆ ಅವನನ್ನೂ ಕಳಿಸಬೇಕಿತ್ತು. ವ್ಯಾನಿನ ಇಂಜಿನ್ನಿಗೆ ಕೊಡೋರು ಯಾರು ಹೇಳು?"

ನಾನು ಸುಮ್ಮನಾದೆ. ೨೦೧೩ರ ಕಂಪನಿ ಕಾಯ್ದೆಯ ೧೩೫ನೇ ಸೆಕ್ಷನ್ ಪ್ರಕಾರ, ೨೦೧೪ರ ಏಪ್ರಿಲಿನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡ ೨ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರಿಂದ ಎಷ್ಟೋ ಒಳ್ಳೆಯದಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಆಫೀಸಿನಲ್ಲೇ ಅಂಥದ್ದೊಂದು ಕಾರ್ಯಕ್ರಮಕ್ಕೆ ಶನಿವಾರ ಟೋಪಿ, ಟೀಶರ್ಟು ಹಾಕಿಕೊಂಡು ಹೋದವರಲ್ಲಿ ನಾನೂ ಒಬ್ಬ. ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಬಂದಿದ್ದೆ. ಇಂಜಿನ್ನಿನ ಬೋರಿಂಗ್ ಕೆಲಸದ ಬಿಲ್ಲಿನ ಜೊತೆ ಫೋಟೋ ತೆಗೆಸಿಕೊಳ್ಳುವ ದಾನಿಯನ್ನು ನಾನಂತೂ ನೋಡಿಲ್ಲ. ಸಂಸ್ಥೆ ದಾರಿ ತಪ್ಪಿತು ಅಂತ ಬೈಯುತ್ತಿದ್ದೆನಲ್ಲ, ಆ ದಾರಿಗೆ ಎಳೆದವರು ನನ್ನಂಥ ದಾನಿಗಳೇ.

ಹಾಗಂತ ಮೇಷ್ಟ್ರನ್ನೂ ಪೂರ್ತಿ ಬಿಡಲಿಲ್ಲ. "ಸರ್, ಇದನ್ನ ವರದಿಯಲ್ಲಿ ಬರೀಬೇಕಿತ್ತು. ವ್ಯಾನು ನಿಂತಿದೆ, ಇಷ್ಟು ಬೇಕು ಅಂತ ಬರೆದಿದ್ರೆ ನಾವು ಹತ್ತು ಜನ ಸೇರಿ ಏನಾದ್ರೂ ಮಾಡ್ತಿದ್ವಿ" ಅಂದೆ. "ನಿಂತಿದೆ ಅಂದ್ರೆ ನೀವೂ ನಿಲ್ಲಿಸಿಬಿಡ್ತೀರೇನೋ ಅಂತ ಭಯ ಆಯ್ತಪ್ಪ" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಲ್ಲಿಸುವ ಮೈಲ್ ಬರೆದಾಗಿತ್ತಲ್ಲ.

ಸದ್ಯಕ್ಕೆ ಆಗಿರುವುದು ಇಷ್ಟು. ಪುಸ್ತಕದ ಲೆಕ್ಕ, ಶಿಬಿರದ ಲೆಕ್ಕ ಬೇರೆ ಬೇರೆ ಇಡುತ್ತೇವೆ ಅಂದಿದ್ದಾರೆ. ನನ್ನ ಸಾವಿರ ವ್ಯಾನಿಗೆ ಮತ್ತು ಪುಸ್ತಕಕ್ಕೆ ಮಾತ್ರ ಅಂತ ನಾನು ಬರೆದು ಕೊಟ್ಟಿದ್ದೇನೆ. ಆರು ವರ್ಷದಿಂದ ಕೊಡುತ್ತಿದ್ದರೂ ಅದನ್ನು ಒಂದು ಸಾಲಿನಲ್ಲೂ ಎಲ್ಲೂ ಬರೆದಿರಲಿಲ್ಲ, ಅವರಿಗೆ ಗೊತ್ತೇ ಇರುತ್ತದೆ ಅಂದುಕೊಂಡಿದ್ದೆ. ಆದರೆ ಆ ಕಾಗದದಲ್ಲಿ ಇನ್ನೊಂದು ಸಾಲೂ ಸೇರಿಸಿದೆ. ಮುಂದೊಂದು ದಿನ ಎಲ್ಲ ಶಾಲೆಗಳಲ್ಲೂ ಪುಸ್ತಕ ಸಿಗುವಂತಾಗಿ ವ್ಯಾನೇ ಬೇಡವಾದರೆ, ನನ್ನನ್ನು ಒಂದು ಮಾತು ಕೇಳಿ ಬೇರೆ ಒಳ್ಳೆಯ ಕೆಲಸಕ್ಕೆ ಬಳಸಿ ಅಂತ. ಬೆರಿಲ್ ಬಕ್ ಅವರಿಗೆ ಇಂಥದ್ದೊಂದು ಸಾಲು ಹೊಳೆಯಲಿಲ್ಲ, ನನಗೆ ಅವರ ಕಥೆ ಓದಿದ್ದರಿಂದ ಹೊಳೆಯಿತು. ಶಾಪ ಮಾತ್ರ ಬರೆಯಲಿಲ್ಲ :-)

ಇಂಜಿನ್ ರಿಪೇರಿಗೆ ಎಷ್ಟಾಗುತ್ತದೆ ಅಂತ ಗ್ಯಾರೇಜಿನವನು ಈ ವಾರ ಹೇಳುತ್ತಾನಂತೆ. ಶಾಲೆ ಶುರುವಾಗುವ ಮೊದಲು ವ್ಯಾನು ರಸ್ತೆಗಿಳಿಯಬೇಕು. ನಿಮ್ಮಲ್ಲೂ ಎಷ್ಟೋ ಜನ ಇಂಥ ಸಣ್ಣ ಸಣ್ಣ ಸಂಸ್ಥೆಗಳಿಗೆ ತಿಂಗಳು ತಿಂಗಳು ಕೊಡುತ್ತಿರುತ್ತೀರಿ. ನೀವು ಯಾತಕ್ಕೆ ಕೊಟ್ಟಿರಿ ಅಂತ ಅವರಿಗೆ ಗೊತ್ತಾ? ಅವರಿಗೆ ನಿಜಕ್ಕೂ ಏನು ಬೇಕಾಗಿದೆ ಅಂತ ನಿಮಗೆ ಗೊತ್ತಾ? ಒಂದು ಫೋನು ಮಾಡಿ ನೋಡಿ.

ಮತ್ತೆ ಸಿಗೋಣ, ಮುಂದಿನ ರಿಲೀಸು ಮುಗಿದ ಮೇಲೆ...